ಬ್ರೇಕಿಗೆ ಹಚ್ಚಿದ ಔಡಲೆಣ್ಣೆ

ಔಡಲೆಣ್ಣೆಯ, ಅಂದರೆ ಹರಳೆಣ್ಣೆಯ ಬಾಟಲಿ ಕಂಡರೆ ನಾನು ಈಗಲೂ ಮುಖ ತಿರುಗಿಸುತ್ತೇನೆ. ಸಣ್ಣವನಿದ್ದಾಗ ಅವ್ವ ಮೂಗು ಹಿಡಿದು ಕುಡಿಸಿರಬೇಕು ಎಂದು ಸೊಸೆ ನಗುತ್ತಾಳೆ. ನಾನೂ ಹೂಂ ಎಂದು ನಕ್ಕುಬಿಡುತ್ತೇನೆ. ಸುಳ್ಳು ಹೇಳುವುದರಲ್ಲಿ ನನಗೆ ಮೊದಲಿನಿಂದಲೂ ಒಳ್ಳೆಯ ಕೈ ಇದೆ. ಆ ಕೈ ಮಾಡಿದ ಕೆಲಸವನ್ನೇ ಇಲ್ಲಿ ಬರೆಯಲು ಕೂತಿದ್ದೇನೆ. ಓದಿದವರು ನನ್ನನ್ನು ಬೈದರೆ ನನ್ನ ತಕರಾರಿಲ್ಲ.

ಸ್ವಾತಂತ್ರ್ಯ ಬಂದು ಏಳೆಂಟು ವರ್ಷವಾಗಿತ್ತು. ನಾನು ಕಲ್ಲೋಳಿಯ ಒಕ್ಕಲುತನದ ಮನೆಯವನು. ಏಳನೆಯ ತರಗತಿಯ ಮುಲ್ಕಿ ಪರೀಕ್ಷೆ ಪಾಸಾಗಿ ಹುಕ್ಕೇರಿಯ ಒಬ್ಬ ಡಾಕ್ಟರರ ದವಾಖಾನೆಯಲ್ಲಿ ಕಂಪೌಂಡರ್ ಆಗಿ ಸೇರಿದ್ದೆ. ಪುಡಿ ತೂಗುವುದು, ಮಿಕ್ಸ್ಚರ್ ಕಲಸುವುದು, ಗಾಯಕ್ಕೆ ಪಟ್ಟಿ ಕಟ್ಟುವುದು, ಗಂಟಲು ಕೆಟ್ಟವರಿಗೆ ಚಿಮಟಿಗೆ ಹತ್ತಿ ಸುತ್ತಿ ಒಳಗೆ ಔಷಧ ಬಳಿಯುವುದು ನನ್ನ ಕೆಲಸ. ನಮ್ಮ ಮನೆತನದಲ್ಲಿ ಪ್ಯಾಂಟು ಹಾಕಿದ ಮೊದಲ ಗಂಡಸು ನಾನು. ಆ ಪ್ಯಾಂಟಿನ ಸೊಕ್ಕು ಎಷ್ಟಿತ್ತೆಂದರೆ, ಊರಿಗೆ ಹೋದಾಗ ಕಟ್ಟೆಯ ಮೇಲೆ ಕೂರಲು ಅರಿವೆ ಹಾಸಿಕೊಡಿ ಎನ್ನುತ್ತಿದ್ದೆ. ಅಪ್ಪ ಸುಮ್ಮನೆ ತನ್ನ ಟವೆಲ್ಲು ಹಾಸುತ್ತಿದ್ದ.

ಡಾಕ್ಟರರ ಹತ್ತಿರ ಒಂದು ಕರಿಯ ಕಾರು ಇತ್ತು. ಅವರೇ ನಡೆಸುತ್ತಿದ್ದರು. ಔಷಧದ ಪೆಟ್ಟಿಗೆ ತೊಡೆಯ ಮೇಲಿಟ್ಟುಕೊಂಡು ನಾನು ಬಾಜೂಕೆ ಕೂರುತ್ತಿದ್ದೆ. ಆ ವರ್ಷ ಅವರ ಹೆಂಡತಿಗೆ ಬೆನ್ನೆಲುಬಿನ ಬೇನೆ ಜೋರಾಯಿತು. ಅವರನ್ನು ನಾವೆಲ್ಲ ಬಾಯಾರು ಎಂದು ಕರೆಯುತ್ತಿದ್ದೆವು. ಪುಣೆಯಲ್ಲಿ ಅವರು ಆರು ತಿಂಗಳು ಹಲಗೆಯ ಮೇಲೆ ಮಲಗಿಯೇ ಇರಬೇಕೆಂದು ಅಲ್ಲಿಯ ಡಾಕ್ಟರರು ಹೇಳಿದರು. ನಮ್ಮ ಡಾಕ್ಟರರು ದವಾಖಾನೆ ಮುಚ್ಚಿ, ಹೆಂಡತಿಯ ಜೊತೆ ಪುಣೆಯಲ್ಲೇ ಇರಲು ನಿರ್ಧರಿಸಿದರು. ಮಳೆಗಾಲಕ್ಕೆ ಮೊದಲು ಹೋಗಿ ದೀಪಾವಳಿಗೆ ಮರಳಿ ಬರುವುದೆಂದು ಆಯಿತು. ಮನೆ, ದವಾಖಾನೆ, ಕಾರು ಎಲ್ಲವೂ ನನ್ನ ಮೇಲೆ.

ಕಾರಿಗೆ ಮನೆ ಇರಲಿಲ್ಲ. ಗ್ಯಾರೇಜ್ ಕಟ್ಟಿಸಲು ತರಿಸಿದ ಕಲ್ಲು ಹಿತ್ತಲಲ್ಲಿ ಎರಡು ವರ್ಷದಿಂದ ಬಿದ್ದಿದ್ದವು. ಹಾಗಾಗಿ ಕಾರು ಇಡೀ ಮಳೆಗಾಲ ಬಯಲಲ್ಲೇ ನಿಲ್ಲಬೇಕಿತ್ತು. ಅದನ್ನು ಸಜ್ಜುಮಾಡಲು ಡಾಕ್ಟರರು ಗೋಕಾಕದಿಂದ ಮಿಸ್ತ್ರಿಯನ್ನು ಕರೆಸಿದರು.

ಮಿಸ್ತ್ರಿ ನನ್ನ ಅಪ್ಪನ ವಯಸ್ಸಿನವರು. ಯುದ್ಧದ ಕಾಲದಲ್ಲಿ ಪಲ್ಟಣಿನ ಮೋಟಾರು ಕಾರಖಾನೆಯಲ್ಲಿ ಕೆಲಸ ಮಾಡಿ ಬಂದಿದ್ದರು. ಗೋಕಾಕದ ವಕೀಲರು, ಬೆಲ್ಲದ ವ್ಯಾಪಾರಿಗಳು, ಹೀಗೆ ಆ ಭಾಗದಲ್ಲಿದ್ದ ಐದಾರು ಕಾರುಗಳೆಲ್ಲ ಅವರ ಕೈಯಲ್ಲೇ ಇದ್ದವು. ಮಾತು ಕಡಿಮೆ. ಬಿಚ್ಚಿದ ಒಂದೊಂದು ಸ್ಕ್ರೂವನ್ನೂ ಬಿಚ್ಚಿದ ಕ್ರಮದಲ್ಲಿ ಅರಿವೆಯ ಮೇಲೆ ಸಾಲಾಗಿ ಇಡುತ್ತಿದ್ದರು. ಅವರು ನನಗೆ ರೀ ಹಚ್ಚಿ ಮಾತಾಡುತ್ತಿದ್ದರು. ನಾನು ಅವರನ್ನು ನೀ ಎನ್ನುತ್ತಿದ್ದೆ. ಕೈಗೆ ಗ್ರೀಸ್ ಹತ್ತಿದವರನ್ನೆಲ್ಲ ಆಗ ನಾನು ನೀ ಎನ್ನುತ್ತಿದ್ದೆ.

ಅವರು ನಾಲ್ಕೂ ಗಾಲಿ ಕಳಚಿ, ಒಳಗಿನ ಡ್ರಮ್ಮು ತೆಗೆದು, ಒರೆಸಿ ಒಣಗಿಸಿದರು. ಆಮೇಲೆ ನನ್ನನ್ನು ಕರೆದರು.

“ಕಂಪೌಂಡರ್ರ, ಇಲ್ಲಿ ಕುಂಡ್ರಿ. ಈ ಡ್ರಮ್ಮಿನ ಒಳಮೈಗೆ ಈ ಎರಡು ಪಟ್ಟಿ ಒತ್ತತಾವ. ಒತ್ತಿದ್ರ ಗಾಲಿ ನಿಲ್ಲತೈತಿ. ಗಾಡಿ ಮಳ್ಯಾಗ ನಿಂತರ ಇದಕ್ಕ ಜಂಗ್ ಹಿಡೀತೈತಿ, ಪಟ್ಟಿ ಡ್ರಮ್ಮಿಗೆ ಕಚಗೊಂಡ ಬಿಡತೈತಿ.”

“ತಿಳೀತು,” ಎಂದೆ. ನಿಂತೇ ಇದ್ದೆ. ಪ್ಯಾಂಟು ಹೊಲಸಾದೀತೆಂದು ಕೂರಲಿಲ್ಲ.

“ಹ್ಯಾಂಡ್ ಬ್ರೇಕ್ ಎಳೀಬ್ಯಾಡ್ರಿ. ಗಾಲಿಗೆ ಕಲ್ಲ ಕೊಟ್ಟೇನಿ, ಅಷ್ಟ ಸಾಕು. ವಾರಕ್ಕೊಮ್ಮೆ ಕಲ್ಲ ತಗದು ಹತ್ತ ಹೆಜ್ಜಿ ಮುಂದ, ಹತ್ತ ಹೆಜ್ಜಿ ಹಿಂದ ದಬ್ಬಸ್ರಿ. ದಬ್ಬೂ ಮುಂದ ನೀವು ಒಳಗ ಕುಂತು ಬ್ರೇಕ್ ಹಗೂರಕ ಒತ್ರಿ. ಕೂತ ಜಂಗ್ ಅಲ್ಲಿಂದಲ್ಲೇ ಒರಸಿ ಹೋಗತೈತಿ. ಬಿಸಲ ಬಿದ್ದ ದಿನ ಗಾಡಿ ಮ್ಯಾಲ ಹೊಚ್ಚಿದ ತಾಡಪತ್ರಿ ತಗದು ಗಾಳಿ ಆಡಸ್ರಿ.”

“ಆತು.”

“ಇನ್ನೊಂದ್ರಿ. ಏನ ಜಂಗ್ ಹಿಡೀಲಿ, ಇದಕ್ಕ ಎಣ್ಣಿ ಮಾತ್ರ ತೋರಸಬ್ಯಾಡ್ರಿ. ಕೈ ಮೀರಿದ್ರ ನನಗ ಒಂದ ಕಾರ್ಡ್ ಬರೀರಿ. ಬಸ್ ಹಿಡಕೊಂಡ ಬಂದ ಬಿಡತೇನಿ. ಈಗ ನಾ ಹೇಳಿದ್ದು ಒಮ್ಮೆ ನೀವು ಹೇಳ್ರಿ ನೋಡೂಣು.”

ಅಲ್ಲಿಗೆ ನನ್ನ ತಲೆ ಕಾಯಿತು. ವಿಷದ ಔಷಧವನ್ನು ಗುಂಜಿ ಲೆಕ್ಕದಲ್ಲಿ ತೂಗುವ ನಾನು, ಡಾಕ್ಟರರ ಎದುರಿಗೆ ಸಾಲಿಯ ಹುಡುಗನ ಹಾಗೆ ಪಾಠ ಒಪ್ಪಿಸಬೇಕಂತೆ. ಡಾಕ್ಟರರು ಮೆಟ್ಟಿಲ ಮೇಲೆ ನಿಂತು ಮುಗುಳ್ನಗುತ್ತಿದ್ದರು. ಒಪ್ಪಿಸಿದೆ. ಒಪ್ಪಿಸುವಾಗಲೇ, ಈ ಮುದುಕನ ಹತ್ತಿರ ಇನ್ನೊಮ್ಮೆ ಏನನ್ನೂ ಕೇಳಬಾರದು ಎಂದು ಹಟ ತೊಟ್ಟೆ.

ಹೋಗುವಾಗ ಡಾಕ್ಟರರು ಪ್ರತಿ ಸೋಮವಾರ ಒಂದು ಕಾರ್ಡು ಬರೆಯಲು ಹೇಳಿದರು. ಮನೆಯ ವಿಷಯ, ಊರಿನ ವಿಷಯ, ಕಾರಿನ ವಿಷಯ.

ಮೊದಲ ತಿಂಗಳು ಹೇಳಿದ ಹಾಗೇ ಮಾಡಿದೆ. ನಮ್ಮ ಹಿತ್ತಲಿಗೆ ಹೊಂದಿ ಒಂದು ಹಿಟ್ಟಿನ ಗಿರಣಿ ಇತ್ತು. ಜೋಳ ಬೀಸಿಸಲು ಬಂದು ಪಾಳಿ ಕಾಯುವ ಗಂಡಸರನ್ನು ನಾಲ್ಕೈದು ಮಂದಿ ಕರೆತಂದು ಕಾರು ದಬ್ಬಿಸುತ್ತಿದ್ದೆ. ನಾನು ಒಳಗೆ ಸ್ಟೀರಿಂಗ್ ಹಿಡಿದು ಬಹಳ ಗಂಭೀರವಾಗಿ ಕೂರುತ್ತಿದ್ದೆ. ಐದನೆಯ ಸಲವೋ ಆರನೆಯ ಸಲವೋ, ಕಾರು ಹತ್ತು ಹೆಜ್ಜೆ ಹೋಗಿ ನಿಂತಾಗ ಹಿಂದಿನಿಂದ ಒಬ್ಬ ಹೇಳಿದ:

“ಏನ್ರಿ ಕಂಪೌಂಡರ್ರ, ಡಾಕ್ಟರು ಬರೂದ್ರಾಗ ಕಾರಿಗೆ ಕುಸ್ತಿ ಕಲಸಾವರೇನು?”

“ಕಂಪೌಂಡರ್ ಸಾಹೇಬ್ರ ಸವಾರಿ ಹೊಂಟೈತೋ, ದಾರಿ ಬಿಡ್ರಿ,” ಎಂದ ಇನ್ನೊಬ್ಬ. “ಮುಂದಿನ ವಾರ ಎರಡ ಎತ್ತ ತರತೇವ್ರಿ, ಕಟ್ಟಿ ಎಳಸ್ರಿ.”

ಎಲ್ಲರೂ ನಕ್ಕರು. ಗಿರಣಿಯ ಕಿಟಕಿಯಿಂದ ಹೆಂಗಸರೂ ನಕ್ಕರು. ನಗುವಂಥದ್ದೇ ಆಗಿತ್ತು, ಬುದ್ಧಿಯಿದ್ದವನಾದರೆ ತಾನೂ ನಗುತ್ತಿದ್ದ. ನಾನು ಕಾರಿನಿಂದ ಇಳಿದು, ಇನ್ನು ಯಾರೂ ಬರುವುದು ಬೇಡ, ದಬ್ಬಿದ್ದು ಸಾಕು ಎಂದು ಮುಖ ಗಂಟಿಕ್ಕಿ ಹೇಳಿ ಗೇಟು ಹಾಕಿದೆ. ಆ ದಿನವೇ ತಾಡಪತ್ರಿಯನ್ನು ನೆಲದವರೆಗೆ ಎಳೆದು, ಹಗ್ಗ ಬಿಗಿದು ಕಟ್ಟಿದೆ. ಗಾಳಿಯೂ ಆಡದ ಹಾಗೆ. ನನ್ನ ಲೆಕ್ಕದಲ್ಲಿ ಅದು ಜೋಪಾನ.

ಆದರೆ ಸೋಮವಾರದ ಕಾರ್ಡು ತಪ್ಪಲಿಲ್ಲ. “ಕಾರು ದಬ್ಬಿಸಿದೆ. ಗಾಲಿಗಳು ಹಗುರಾಗಿ ತಿರುಗುತ್ತವೆ.” ಜಡಿಮಳೆ ಹಿಡಿದು ನಾಲ್ಕು ದಿನ ಯಾರೂ ಹೊಸ್ತಿಲು ದಾಟದ ವಾರದಲ್ಲೂ ಅದನ್ನೇ ಬರೆದೆ. ಅಕ್ಷರ ಮುತ್ತಿನಂತೆ ಇರುತ್ತಿದ್ದವು. ಡಾಕ್ಟರರು ಒಂದು ಸಲ ಮಾರುತ್ತರ ಬರೆದರು: “ನಿನ್ನಂಥವನು ಅಲ್ಲಿ ಇರುವುದರಿಂದ ನಾನು ಇಲ್ಲಿ ನಿಶ್ಚಿಂತನಾಗಿ ಇದ್ದೇನೆ.” ಆ ಕಾರ್ಡನ್ನು ಕಲ್ಲೋಳಿಗೆ ಒಯ್ದು ಅಪ್ಪನಿಗೆ ಓದಿ ಹೇಳಿದೆ. ಅಪ್ಪ ಎರಡು ಸಲ ಓದಿಸಿದ. ಓದುವಾಗ ನನ್ನ ದನಿ ಸ್ವಲ್ಪವೂ ನಡುಗಲಿಲ್ಲ. ಈಗ ನೆನೆಸಿಕೊಂಡರೆ ಅದಕ್ಕೇ ಹೆಚ್ಚು ನಾಚಿಕೆಯಾಗುತ್ತದೆ.

ಮಾನವಮಿ ಬಂತು. ಖಂಡೇಪೂಜೆಯ ದಿನ ನಮ್ಮ ಕಡೆ ಮನೆಯಲ್ಲಿರುವ ಕಬ್ಬಿಣವನ್ನೆಲ್ಲ ತೊಳೆದು ಪೂಜೆ ಮಾಡುತ್ತಾರೆ. ನಾನು ದವಾಖಾನೆಯ ಕತ್ತರಿ, ಚಿಮಟಿ, ತಕ್ಕಡಿ ಎಲ್ಲ ತೊಳೆದಿಟ್ಟೆ. ಕಾರಿಗೂ ಪೂಜೆಯಾಗಬೇಕು, ಅದರ ಮುಖ ಮೂಡಣಕ್ಕೆ ತಿರುಗಬೇಕು. ತಾಡಪತ್ರಿ ಬಿಚ್ಚಿದೆ. ಒಳಗಿನಿಂದ ನೆಲಮಾಳಿಗೆಯ ವಾಸನೆ ಹೊರಬಂತು. ಮುಖ ಸಣ್ಣದು ಮಾಡಿಕೊಂಡು ಗಿರಣಿಗೆ ಹೋಗಿ ಐದು ಮಂದಿಯನ್ನು ಕರೆತಂದೆ. ಕಲ್ಲು ತೆಗೆದು ದಬ್ಬಿದರು. ಕಾರು ಅಲುಗಲಿಲ್ಲ. ಹಿಂದಿನಿಂದ, ಮುಂದಿನಿಂದ, ಹೆಗಲು ಕೊಟ್ಟು ದಬ್ಬಿದರು. ಗಾಲಿಗಳು ನೆಲಕ್ಕೆ ಬೇರು ಬಿಟ್ಟಿದ್ದವು. ಈ ಸಲ ಯಾರೂ ನಗಲಿಲ್ಲ. ಒಬ್ಬ ಬಗ್ಗಿ ನೋಡಿ, “ಜಂಗ್ ಹಿಡದೈತ್ರಿ ಒಳಗ,” ಎಂದ. ನಾನು ಇದ್ದಲ್ಲಿಯೇ ಕಾರಿಗೆ ಕುಂಕುಮ ಹಚ್ಚಿ, ಕಾಯಿ ಒಡೆದು, ಎಲ್ಲರಿಗೂ ಚೂರು ಕೊಟ್ಟು ಕಳಿಸಿದೆ.

ಡಾಕ್ಟರರು ಬರುವುದಕ್ಕೆ ಮೂರು ವಾರವಿತ್ತು. ಗೋಕಾಕಕ್ಕೆ ಒಂದು ಕಾರ್ಡು ಸಾಕಾಗಿತ್ತು. ಬರೆದೆ ಕೂಡ. “ಗಾಲಿ ಕಚ್ಚಿಕೊಂಡಿವೆ, ಬಂದು ಹೋಗಬೇಕು” ಎಂದು ಬರೆದು, ವಿಳಾಸ ಬರೆಯುವಾಗ ಆ ಮುದುಕನ ಮುಖ ಕಣ್ಣೆದುರು ಬಂತು. ಹೇಳಿದ್ದೆನಲ್ಲ ಎನ್ನುತ್ತಾನೆ, ಡಾಕ್ಟರರಿಗೆ ನನ್ನ ಕಾರ್ಡುಗಳ ಬಂಡವಾಳ ತಿಳಿಯುತ್ತದೆ ಎಂದುಕೊಂಡೆ. ಕಾರ್ಡು ಹರಿದು ಒಲೆಗೆ ಹಾಕಿದೆ. ಅವರು ಹಾಗೆ ಅನ್ನುವವರೇ ಅಲ್ಲ ಎಂಬುದು ನನಗೆ ಬಹಳ ತಡವಾಗಿ ತಿಳಿಯಿತು.

ಮರುದಿನ ಮಧ್ಯಾಹ್ನ ಗೇಟು ಹಾಕಿಕೊಂಡು, ಪ್ಯಾಂಟು ಬಿಚ್ಚಿಟ್ಟು ಹಳೆಯ ಧೋತರ ಸುತ್ತಿಕೊಂಡು ಕೆಲಸಕ್ಕೆ ಕೂತೆ. ಅವರು ಮಾಡಿದ್ದನ್ನು ನಿಂತು ನೋಡಿದ್ದೆನಲ್ಲ, ಜಾಕ್ ಏರಿಸುವುದು, ಗಾಲಿ ಕಳಚುವುದು ಬಂತು. ಡ್ರಮ್ಮು ಮಾತ್ರ ಬರಲೊಲ್ಲದು. ಕಟ್ಟಿಗೆಯ ಕೊಡತಿಯಿಂದ ಸುತ್ತ ಬಡಿದು ಬಡಿದು, ಮೂರು ದಿನದಲ್ಲಿ ನಾಲ್ಕೂ ಬಿಡಿಸಿದೆ. ಒಳಗೆ ತುಕ್ಕಿನ ಕೆಂಪು ಹುಡಿ. ಪಾಲಿಶ್ ಪೇಪರಿನಿಂದ ತಿಕ್ಕಿ ತಿಕ್ಕಿ ಬೆರಳು ಸುಲಿದವು. ಕಬ್ಬಿಣ ಬೆಳ್ಳಗೆ ಬಂತು. ಅಲ್ಲಿಗೆ ನಿಲ್ಲಿಸಿದ್ದರೆ ನಾನು ಈ ಕತೆ ಬರೆಯುತ್ತಿರಲಿಲ್ಲ.

ನಮ್ಮ ಅಪ್ಪ ಕೆಲಸ ಮುಗಿದ ಕಬ್ಬಿಣವನ್ನು ಹಾಗೇ ಇಡುತ್ತಿರಲಿಲ್ಲ. ನೇಗಿಲಿನ ಕುಳ, ಕುಂಟೆಯ ಕುಡ, ಕುಡಗೋಲು ಯಾವುದೇ ಇರಲಿ, ತಿಕ್ಕಿ ಒರೆಸಿ, ಔಡಲೆಣ್ಣೆಯ ಚಿಂದಿ ಆಡಿಸಿಯೇ ಅಟ್ಟಕ್ಕೆ ಹಾಕುತ್ತಿದ್ದ. ಗಾಡಿಯ ಅಚ್ಚಿಗೂ ಅದೇ ಎಣ್ಣೆ. ಎಣ್ಣೆ ಕಾಣದ ಕಬ್ಬಿಣವನ್ನು ನಮ್ಮ ಮನೆಯಲ್ಲಿ ಉಪವಾಸವಿದ್ದ ದನ ಎಂಬಂತೆ ನೋಡುತ್ತಿದ್ದರು. ಬೆಳ್ಳಗೆ ಹೊಳೆಯುವ ಡ್ರಮ್ಮು ಕೈಯಲ್ಲಿತ್ತು. ಹೀಗೇ ಬಿಟ್ಟರೆ ನಾಳೆ ಮತ್ತೆ ಕೆಂಪಾಗುತ್ತದೆ. ನನ್ನ ಕೈ ತಾನಾಗಿಯೇ ಎಣ್ಣೆ ಬೇಡಿತು.

ಮಿಸ್ತ್ರಿಯ ಮಾತು ಮರೆತಿತ್ತು ಎಂದು ಹೇಳಬಹುದಿತ್ತು. ಮರೆತಿರಲಿಲ್ಲ. ಚೆನ್ನಾಗಿ ನೆನಪಿತ್ತು. ಆದರೆ ಅವನು ಹೇಳಿದ್ದು ಆ ಕರಿಯ, ಹೊಲಸು ಮೋಟಾರು ಎಣ್ಣೆಗೆ, ನಮ್ಮದು ಗಾಳಿಸಿ ಬಾಟಲಿಯಲ್ಲಿ ತುಂಬಿದ ಔಷಧದ ಎಣ್ಣೆ, ಹಸುಗೂಸಿನ ಹೊಟ್ಟೆಗೂ ಹಾಕುವಂಥದ್ದು, ಇದರಿಂದೇನು ಕೆಡುಕು ಎಂದು ನನಗೆ ನಾನೇ ವಾದಿಸಿದೆ. ದವಾಖಾನೆಯ ಕಪಾಟಿನಿಂದ ಔಡಲೆಣ್ಣೆಯ ಬಾಟಲಿ ತಂದೆ. ಚಿಮಟಿಗೆ ಹತ್ತಿ ಸುತ್ತಿ, ರೋಗಿಯ ಗಂಟಲಿಗೆ ಬಳಿಯುವ ಹಾಗೆ ಡ್ರಮ್ಮಿನ ಒಳಮೈಗೆ ಸುತ್ತಲೂ ಬಳಿದೆ. ಪಟ್ಟಿಗಳು ಒಣಗಿದಂತೆ ಕಂಡವು, ಅವಕ್ಕೂ ಕುಡಿಸಿದೆ. ಮುಂದಿನ ಗಾಲಿ, ಹಿಂದಿನ ಗಾಲಿ, ಒಂದನ್ನೂ ಬಿಡಲಿಲ್ಲ. ಗಾಲಿ ಕೂಡಿಸಿ ತಿರುಗಿಸಿದರೆ ಬೆರಳ ತುದಿಗೆ ತಿರುಗಿದವು. ಆ ಸೋಮವಾರದ ಕಾರ್ಡಿನಲ್ಲಿ ಗಾಲಿ ಹಗುರಾಗಿ ತಿರುಗುತ್ತವೆ ಎಂದು ಬರೆದದ್ದು ಖರೆಯಾಗಿತ್ತು. ನನ್ನ ಬಗ್ಗೆ ನನಗೇ ಅಭಿಮಾನ ಬಂತು.

ಡಾಕ್ಟರರು, ಬಾಯಾರು ದೀಪಾವಳಿಗೆ ಬಂದರು. ಬಾಯಾರು ತೆಳ್ಳಗಾಗಿದ್ದರು, ಆದರೆ ನಡೆಯುತ್ತಿದ್ದರು. ನನಗಾಗಿ ಪುಣೆಯಿಂದ ಒಂದು ಉಣ್ಣೆಯ ಮಫ್ಲರು ತಂದಿದ್ದರು. ಕಾರು ಚಾಲೂ ಆಯಿತು. ಊರೊಳಗೆ ಒಂದು ಸುತ್ತು ಹಾಕಿ ಬಂದ ಡಾಕ್ಟರರು, “ಬ್ರೇಕ್ ಸ್ವಲ್ಪ ಮೆತ್ತಗ ಆದಂಗ ಐತೆಲ್ಲೋ,” ಎಂದರು.

“ಬಾಳ ದಿನ ನಿಂತೈತಲ್ರಿ ಸಾಹೇಬ್ರ, ನಾಕ ದಿನ ಓಡಿದ್ರ ಸರಿ ಆಗತೈತಿ,” ಎಂದೆ.

ಅವರು ನನ್ನ ಮಾತು ನಂಬಿದರು. ಹುಕ್ಕೇರಿಯ ಸಪಾಟು ರಸ್ತೆಯಲ್ಲಿ, ಎತ್ತಿನ ಗಾಡಿಗಳ ಹಿಂದೆ ಸಾಗುವಾಗ, ಅದು ಹೇಗೋ ನಡೆದುಹೋಯಿತು.

ಮುಂದಿನ ವಾರ ಬಾಯಾರು ಗೋಕಾಕದಲ್ಲಿದ್ದ ತಮ್ಮ ತಾಯಿಯನ್ನು ನೋಡಬೇಕೆಂದರು. ಡಾಕ್ಟರರು ಕಾರು ನಡೆಸಿದರು, ನಾನು ಬಾಜೂಕೆ, ಬಾಯಾರು ಹಿಂದೆ ಬೆನ್ನಿಗೆ ದಿಂಬು ಇಟ್ಟುಕೊಂಡು. ಕೊಣ್ಣೂರು ದಾಟಿದೆವು. ಫಾಲ್ಸ್ ಹತ್ತಿರ ನೀರಿನ ಸಪ್ಪಳ ಕೇಳಿ, “ಚೂರು ನಿಂದರಸ್ರಿ, ನೋಡೂಣು,” ಎಂದರು ಬಾಯಾರು. “ಬರೂ ಮುಂದ ನೋಡೂಣು,” ಎಂದರು ಡಾಕ್ಟರರು. ಅಲ್ಲಿಂದ ಮುಂದೆ ರಸ್ತೆ ಗೋಕಾಕದ ಕಡೆಗೆ ಇಳಿಯುತ್ತದೆ. ತಿರುವು ದಾಟಿದ ಕೂಡಲೇ ಎದುರಿಗೆ ಕಬ್ಬಿನ ಗಾಡಿ, ರಸ್ತೆಯ ನಟ್ಟನಡುವೆ.

ಡಾಕ್ಟರರು ಬ್ರೇಕು ಒತ್ತಿದರು. ಪೂರ್ತಿ ಒತ್ತಿದರು. ಕಾರು ನಿಲ್ಲಲಿಲ್ಲ. ಹ್ಯಾಂಡ್ ಬ್ರೇಕ್ ಎಳೆದರು. ಅದಕ್ಕೂ ನಾನು ಎಣ್ಣೆ ಕುಡಿಸಿದ್ದೆನಲ್ಲ. ಆಗ ನನಗೆ ತಿಳಿಯಿತು. ಎಣ್ಣೆ ಹತ್ತಿದ ಪಟ್ಟಿ ಡ್ರಮ್ಮನ್ನು ಹಿಡಿಯದೆ ಜಾರುತ್ತಿದೆ ಎಂದು ಆ ಕ್ಷಣದಲ್ಲೇ, ಪೂರ್ತಿಯಾಗಿ ತಿಳಿಯಿತು. ಡಾಕ್ಟರರು ಎತ್ತುಗಳನ್ನು ತಪ್ಪಿಸಿ ಕಾರನ್ನು ಗುಡ್ಡದ ಬಂಡೆಯ ಕಡೆ ತಿರುಗಿಸಿದರು. ಕಾರು ಬಂಡೆಗೆ ಉಜ್ಜುತ್ತ ಹೋಗಿ ಬಡಿದು ನಿಂತಿತು.

ಹಿಂದಿನಿಂದ ಬಾಯಾರ ದನಿ ಬಂತು. “ಬೆನ್ನಿಗೇನ ಆಗಿಲ್ಲ. ಕೈ ಅಷ್ಟ. ಗಾಬರಿ ಆಗಬ್ಯಾಡ್ರಿ.” ಮುಂದಿನ ಸೀಟಿಗೆ ಕೈ ಕೊಟ್ಟು ತಮ್ಮನ್ನು ತಡೆದುಕೊಂಡಿದ್ದರು. ಬಲಗೈಯ ಮಣಿಕಟ್ಟು ಮುರಿದಿತ್ತು. ರಸ್ತೆಯ ಬದಿಗೆ ಕೂಡಿಸಿ, ಕಬ್ಬಿನ ಗಾಡಿಯವನು ಕೊಟ್ಟ ಎರಡು ಬಿದಿರಿನ ಚೂರು ಇಟ್ಟು ಡಾಕ್ಟರರು ಪಟ್ಟಿ ಕಟ್ಟಿದರು. ಕೈ ಅಲುಗದ ಹಾಗೆ ಹಿಡಿದುಕೊಂಡವನು ನಾನು. ಬಾಯಾರು ನನಗೆ, “ನಿನಗೇನ ಆಗಿಲ್ಲಲ್ಲ ತಮ್ಮಾ?” ಎಂದು ಕೇಳಿದರು. ಆಗಲಾದರೂ ಹೇಳಬೇಕಿತ್ತು. ಇಲ್ಲರಿ ಎಂದೆ.

ಮರುದಿನ ಕಾರಿಗೆ ಎತ್ತು ಕಟ್ಟಿ ಎಳೆಸಿಕೊಂಡು ಗೋಕಾಕದ ಮಿಸ್ತ್ರಿಯ ಶೆಡ್ಡಿಗೆ ಒಯ್ದರು. ಡಾಕ್ಟರರೂ ನಾನೂ ಎದುರಿಗೆ ನಿಂತಿದ್ದೆವು. ಮಿಸ್ತ್ರಿ ಡ್ರಮ್ಮು ತೆಗೆದರು. ಬೆರಳು ಆಡಿಸಿದರು. ಬೆರಳನ್ನು ಮೂಗಿನ ಹತ್ತಿರ ತಂದು ಮೂಸಿದರು. ಆಮೇಲೆ ಪಟ್ಟಿಯೊಂದನ್ನು ಬಿಚ್ಚಿ ಡಾಕ್ಟರರ ಕೈಯಲ್ಲಿ ಇಟ್ಟರು. ಡಾಕ್ಟರರು ಅದನ್ನು ಮುಖದ ಹತ್ತಿರ ಹಿಡಿದು ನೋಡಿ, ತಿರುಗಿ ಕೊಟ್ಟು, ಕರವಸ್ತ್ರದಿಂದ ಬೆರಳು ಒರೆಸಿಕೊಂಡರು.

“ಇದಕ್ಕ ಎಣ್ಣಿ ಹತ್ತೈತಿ,” ಎಂದರು ಮಿಸ್ತ್ರಿ.

ಡಾಕ್ಟರರು ನನ್ನ ಕಡೆ ತಿರುಗಿದರು. “ನೀ ಏನರ ಮಾಡಿದ್ಯೇನೋ?”

“ಇಲ್ರಿ ಸಾಹೇಬ್ರ. ಮಿಸ್ತ್ರಿ ಮಾಡಿ ಹ್ವಾದ ಮ್ಯಾಲೆ ನಾ ಗಾಲಿ ಮುಟ್ಟಿಲ್ಲ. ವಾರಾ ವಾರಾ ದಬ್ಬಿಸೇನಿ ಅಷ್ಟ. ನಿಮಗ ಕಾರ್ಡ್ ಬರದೇನಲ್ರಿ.”

ಒಂದು ಉಸಿರಿನಲ್ಲಿ ಹೇಳಿದೆ. ಬೆರಳು ಸುಲಿದಿದ್ದ ಕಲೆ ಇನ್ನೂ ಪೂರ್ತಿ ಮಾಸಿರಲಿಲ್ಲ. ಕೈಗಳನ್ನು ಬೆನ್ನ ಹಿಂದೆ ಕಟ್ಟಿಕೊಂಡಿದ್ದೆ. ಮಿಸ್ತ್ರಿ ನನ್ನನ್ನು ನೋಡಿದರು. ಸಿಟ್ಟಿನಿಂದಲ್ಲ. ಅಳತೆಗೆ ಕೂರದ ಬೋಲ್ಟನ್ನು ನೋಡುವ ಹಾಗೆ ನೋಡಿದರು.

“ಹಂಗಾರ ಇದು ನಿನ್ನ ಕೈಯಾಗ ಆದದ್ದು,” ಎಂದರು ಡಾಕ್ಟರರು ಅವರಿಗೆ.

“ನಾ ಎಣ್ಣಿ ಹಾಕಿಲ್ರಿ ಸಾಹೇಬ್ರ,” ಎಂದರು ಮಿಸ್ತ್ರಿ. ಒಂದೇ ಸಲ. ನನ್ನ ಕಡೆ ಬೆರಳು ತೋರಿಸಲಿಲ್ಲ. ಪೆಟ್ರೋಲು ಹಾಕಿ ಡ್ರಮ್ಮು ತೊಳೆದು, ಹೊಸ ಪಟ್ಟಿ ಹಾಕಿ ಕಾರು ಸರಿಮಾಡಿ ಕೊಟ್ಟರು.

ಆ ಮೇಲೆ ಡಾಕ್ಟರರು ಕಾರನ್ನು ಬೆಳಗಾವಿಗೆ ಒಯ್ಯತೊಡಗಿದರು. ಯಾಕೆಂದು ವಕೀಲರು ಕೇಳಿದರು. “ನನ್ನ ಹೇಣತಿ ಕೈ ಮುರದದ್ದು ಅವನ ಬ್ರೇಕಿನಿಂದ,” ಎಂದರು ಡಾಕ್ಟರರು. ಒಬ್ಬ ಡಾಕ್ಟರ ಇಷ್ಟು ಹೇಳಿದರೆ ಸಾಕಲ್ಲ. ವಕೀಲರು ಹೋದರು, ಬೆಲ್ಲದ ವ್ಯಾಪಾರಿಗಳು ಹೋದರು. ಐದಾರು ಕಾರುಗಳೇ ಇದ್ದ ಭಾಗದಲ್ಲಿ ಮಿಸ್ತ್ರಿಯ ಶೆಡ್ಡು ಖಾಲಿಯಾಗಲು ಎಷ್ಟು ದಿನ ಬೇಕು? ಆಮೇಲೆ ಅವರು ಊರು ಬಿಟ್ಟರೆಂದು ಯಾರೋ ಹೇಳಿದರು. ನಾನು ಎಲ್ಲಿಗೆ ಎಂದು ಕೇಳಲಿಲ್ಲ.

ಬಾಯಾರ ಮಣಿಕಟ್ಟು ಕೂಡಿತು, ಆದರೆ ಸೊಟ್ಟವಾಗಿ ಕೂಡಿತು. ಚಹಾದ ಬಟ್ಟಲನ್ನು ಎಡಗೈಯಲ್ಲಿ ಹಿಡಿಯುವುದು ರೂಢಿಯಾಯಿತು. ದಿನವೂ ಸಂಜೆ ಆ ಎಡಗೈಯಿಂದಲೇ ನನಗೂ ಚಹಾ ಕೊಡುತ್ತಿದ್ದರು. ನಾನು ಕುಡಿಯುತ್ತಿದ್ದೆ. ಯಾಕೆ ಸುಮ್ಮನಿದ್ದೆ ಎಂದು ನನ್ನನ್ನು ನಾನೇ ಕೇಳಿಕೊಂಡಿದ್ದೇನೆ. ಮೊದಲು ನೌಕರಿ ಹೋಗುವ ಅಂಜಿಕೆ, ಆ ಕಾರ್ಡನ್ನು ಎರಡು ಸಲ ಓದಿಸಿದ ಅಪ್ಪನ ಅಂಜಿಕೆ. ಕೆಲವು ತಿಂಗಳಲ್ಲಿ ಆ ಅಂಜಿಕೆ ಕಡಿಮೆಯಾಯಿತು. ಅಷ್ಟರಲ್ಲಿ ಇಷ್ಟು ದಿನ ಯಾಕೆ ಹೇಳಲಿಲ್ಲ ಎಂಬ ಪ್ರಶ್ನೆಗೆ ಅಂಜತೊಡಗಿದೆ. ಹೀಗೆ ಏಳು ವರ್ಷ ಹೋದವು.

ತಂಗಿಯನ್ನು ಮೂಡಲಗಿಗೆ ಕೊಟ್ಟಿದ್ದೆವು. ಅವಳನ್ನು ನೋಡಲು ಹೋಗಿ ಬಸ್ಸಿನಿಂದ ಇಳಿದಾಗ, ರಸ್ತೆಯ ಬದಿಗೆ ಒಂದು ತಗಡಿನ ನೆರಳಿನಲ್ಲಿ ಸೈಕಲ್ ಪಂಕ್ಚರ್ ತಿದ್ದುತ್ತ ಒಬ್ಬ ಮುದುಕರು ನೆಲದ ಮೇಲೆ ಕೂತಿದ್ದರು. ಬಿಚ್ಚಿದ ಸಾಮಾನುಗಳನ್ನು ಅರಿವೆಯ ಮೇಲೆ ಸಾಲಾಗಿ ಇಟ್ಟಿದ್ದರು. ನಾನು ಗುರುತಿಸುವ ಮೊದಲೇ ಅವರು ಗುರುತಿಸಿದರು.

“ಬರ್ರಿ ಕಂಪೌಂಡರ್ರ. ಯಾವಾಗ ಬಂದ್ರಿ? ಬಾಯಾರ ಕೈ ಹೆಂಗೈತ್ರಿ, ನೆಟ್ಟಗ ಆತೇನ್ರಿ?”

ಏಳು ವರ್ಷದ ಮೇಲೆ ಅವರು ಕೇಳಿದ ಮೊದಲ ಮಾತು ಅದು. ಕೂರಲೆಂದು ಒಂದು ಡಬ್ಬಿಯ ಧೂಳು ಒರೆಸಿ ನನ್ನ ಕಡೆ ಸರಿಸಿದರು. “ಆಗೈತಿ,” ಎಂದು ಇನ್ನೊಂದು ಸುಳ್ಳು ಹೇಳಿ, ಅವಸರವಿದೆ ಎಂದು ನಡೆದುಬಿಟ್ಟೆ.

ಹುಕ್ಕೇರಿಗೆ ಮರಳಿದ ದಿನ ಸಂಜೆ, ಕೊನೆಯ ರೋಗಿ ಹೋದ ಮೇಲೆ, ಡಾಕ್ಟರರ ಎದುರಿಗೆ ನಿಂತೆ. ಅವರು ಕೈ ತೊಳೆಯುತ್ತಿದ್ದರು. ದಬ್ಬಿಸದೆ ಬಿಟ್ಟದ್ದು, ಸುಳ್ಳು ಕಾರ್ಡು, ಎಣ್ಣೆ, ಎಲ್ಲ ಹೇಳಿದೆ. ಅವರು ಕೈ ತೊಳೆಯುವುದನ್ನು ನಿಲ್ಲಿಸಲಿಲ್ಲ.

“ಔಡಲ ಎಣ್ಣಿ ಅಲ್ಲೇನು?” ಎಂದರು.

ನಾನು ಎಣ್ಣೆ ಎಂದಷ್ಟೇ ಹೇಳಿದ್ದೆ. ಯಾವ ಎಣ್ಣೆ ಎಂದು ಇನ್ನೂ ಹೇಳಿರಲಿಲ್ಲ.

“ದಿನಾ ಮಂದಿಗೆ ಕುಡಸಾಂವ ನಾನು, ನನಗ ಆ ವಾಸನಿ ತಿಳೀದಿಲ್ಲೇನೋ? ಆ ಪಟ್ಟಿ ಕೈಯಾಗ ಕೊಟ್ಟಾಗಲೇ ತಿಳೀತು.”

“ಮತ್ತ ಯಾಕ ಸುಮ್ಮನಾದ್ರಿ ಸಾಹೇಬ್ರ?”

“ನಿನ್ನ ತಗದಿದ್ರ ದವಾಖಾನಿ ಯಾರ ನೋಡತಿದ್ರು? ಮಿಸ್ತ್ರಿ ಏನ, ಬೆಳಗಾವ್ಯಾಗ ಬೇಕಾದಷ್ಟ ಮಂದಿ ಅದಾರ.” ಕೈ ಒರೆಸಿಕೊಂಡು ಟವೆಲ್ಲು ಮೊಳೆಗೆ ಹಾಕಿದರು. “ಆಗಿ ಹೋದ ಮಾತು. ನಾಳೆ ಲಗೂನ ಬಾ, ಸಂತಿ ದಿನ.”

ನನಗೆ ಮೊದಲು ಆದದ್ದು ಏನು ಗೊತ್ತೇ? ಹಗುರ. ಮೈಮೇಲಿನ ಮೂಟೆ ಇಳಿದಂತೆ ಹಗುರ. ಅದನ್ನೂ ಬರೆಯದಿದ್ದರೆ ಈ ಬರಹ ಸುಳ್ಳಾಗುತ್ತದೆ. ಮನೆ ಮುಟ್ಟುವಷ್ಟರಲ್ಲಿ ಮೈಯೆಲ್ಲ ಉರಿಯತೊಡಗಿತು. ಒಬ್ಬ ಮನುಷ್ಯನ ಕಸುಬು ಕಳೆದದ್ದು ನನ್ನ ಒಂದು ಸುಳ್ಳಿನಿಂದ ಎಂದು ತಿಳಿದಿದ್ದೆ. ಆ ಸುಳ್ಳನ್ನು ಅಲ್ಲಿ ಯಾರೂ ನಂಬಿಯೇ ಇರಲಿಲ್ಲ.

ಮುಂದಿನ ರವಿವಾರ ಮೂಡಲಗಿಗೆ ಹೋದೆ. ಡಬ್ಬಿಯ ಮೇಲೆ ಕೂರಲಿಲ್ಲ, ಅವರ ಎದುರಿಗೆ ನೆಲದ ಮೇಲೆ ಕೂತೆ. ಅವರು ಸೈಕಲ್ಲಿನ ಟ್ಯೂಬನ್ನು ಬೋಗುಣಿಯ ನೀರಿನಲ್ಲಿ ಮುಳುಗಿಸಿ ಗುಳ್ಳೆ ಎಲ್ಲಿ ಏಳುತ್ತದೆ ಎಂದು ನೋಡುತ್ತಿದ್ದರು.

“ಮಿಸ್ತ್ರಿಯವರ, ಆ ಎಣ್ಣಿ ಹಚ್ಚಿದಾಂವ ನಾ ರೀ,” ಎಂದೆ.

“ಗೊತ್ತೈತ್ರಿ.”

“ಡಾಕ್ಟರ್ ಸಾಹೇಬ್ರಿಗೂ ಅವತ್ತ ಗೊತ್ತಾಗಿತ್ತಂತ್ರಿ.”

“ಅದೂ ಗೊತ್ತೈತ್ರಿ. ಗೊತ್ತಾಗಲಿ ಅಂತನ ಅವರ ಕೈಯಾಗ ಕೊಟ್ಟೆ.”

“ಮತ್ತ ನೀವ ಯಾಕ ಹೇಳಲಿಲ್ರಿ?”

ಅವರು ಟ್ಯೂಬನ್ನು ಸ್ವಲ್ಪ ಸ್ವಲ್ಪವೇ ತಿರುಗಿಸುತ್ತ ಹೋದರು.

“ನಾ ಹೇಳಿದ್ರ ಅದು ನನ್ನ ತಪ್ಪ ಮುಚ್ಚಾಕ ಹೇಳಿದಂಗ ಆಗತಿತ್ರಿ. ನಿಮ್ಮಿಬ್ಬರೊಳಗ ಒಬ್ಬರಾದ್ರೂ ಬಂದು ಹೇಳತೀರಿ ಅನಕೊಂಡೆ. ಒಂದ ವರ್ಷ ಶೆಡ್ ತಗದ ಕುಂತೆ. ನೀವು ತಿಂಗಳಿಗೊಮ್ಮೆ ಔಷಧ ತರಾಕ ಗೋಕಾಕಕ್ಕ ಬರತಿದ್ರಿ. ನನ್ನ ಓಣಿ ಬಾಯಿಗೆ ಬಂದು, ನಿಂತು, ಹೊಳ್ಳಿ ಆ ಕಡೆ ಓಣ್ಯಾಗ ಹೋಗತಿದ್ರಿ. ಕುಂತಲ್ಲಿಂದ ಕಾಣತಿತ್ರಿ ನನಗ. ಇವತ್ತ ಬರತಾರ ಅಂತ ಕೈ ತೊಳಕೊಂಡ ಕುಂಡ್ರತಿದ್ದೆ.”

ಗುಳ್ಳೆ ಎದ್ದ ಜಾಗವನ್ನು ಅವರು ಹೆಬ್ಬೆರಳಿನಿಂದ ಒತ್ತಿ ಹಿಡಿದು, ಟ್ಯೂಬನ್ನು ನೀರಿನಿಂದ ಹೊರಗೆ ತೆಗೆದರು.